ವಾಚ್‌ಮನ್ ಪೆಟ್ಟಿಗೆಯ ಸೊನ್ನೆ

ಆಗ ನನಗೆ ನಲವತ್ತಾರು. ಅದಾಗಿ ಇಪ್ಪತ್ತೆರಡು ವರ್ಷ ಆಯಿತು. ನಾರಾಯಣಪುರದ ಕಾಲುವೆ ಗೇಟ್‌ಮನ್ ಮಲ್ಲಣ್ಣನ ಮಗಳು ರೇಣುಕಾ ವಿಮಾನದಿಂದ ಜಿಗಿದು, ಛತ್ರಿ ಬಿಚ್ಚಲು ಕೈ ಏಳದೆ, ಕಲ್ಲು ಬಿದ್ದ ಹಾಗೆ ಕೆಳಗೆ ಬಂದಳು. ಅವಳ ಬೆನ್ನಿನ ಮೇಲಿದ್ದ ಎರಡನೇ ಛತ್ರಿ ಮಡಚಿದವಳು ನಾನು. ಅದನ್ನು ತಾನಾಗಿ ಬಿಚ್ಚಬೇಕಾದದ್ದು ಅದರೊಳಗಿದ್ದ ಒಂದು ಸಣ್ಣ ಪೆಟ್ಟಿಗೆ. ಅವಳ ಜೀವ ಉಳಿಯುವುದು ಆ ಎರಡರ ಮೇಲೆ ನಿಂತಿತ್ತು. ಆ ದಿನದ ಸಂಗತಿ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಉಳಿದದ್ದು ನೆನಪಾದ ಹಾಗೆ ಬರುತ್ತದೆ.

ನಾನು ಎರಡನೇ ಇಯತ್ತೆವರೆಗೆ ಸಾಲಿಗೆ ಹೋದವಳು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಚೆಂದ ಮಾಡಿ ಬರೆಯಲು ಬರುವುದಿಲ್ಲ, ಅದರ ಜರೂರತ್ತೂ ಇಲ್ಲ. ಛತ್ರಿ ಮಡಚುವ ಕೆಲಸಕ್ಕೆ ಈಗ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಕೆಲಸ ಕಠಿಣವೇ ಎಂದು ಕೇಳುತ್ತಾರೆ. ಕಠಿಣ ಅಲ್ಲ. ಒಲೆಯ ಮೇಲೆ ಹಾಲಿಟ್ಟು ನಿಂತ ಹಾಗೆ ಇಡೀ ದಿನ ನಿಲ್ಲಬೇಕು, ಅಷ್ಟೇ.

ನನ್ನ ಊರು ಬೋನಾಳ. ಕಾಲುವೆ ತೋಡುವಾಗ ಕಲ್ಲು ಹೊತ್ತವಳು. ಎಡದಂಡೆ ಕಾಲುವೆ ಶಹಾಪುರದ ಕಡೆ ಸಾಗಿದ ಹಾಗೆ ಕಲ್ಲಿನ ಕೆಲಸವೂ ಅದರ ಜೊತೆ ಮುಂದೆ ಮುಂದೆ ಹೋಯಿತು. ನಾನು ಅದರ ಹಿಂದೆ ಹೋಗಲಿಲ್ಲ. ನನ್ನ ಗಂಡನಿಗೆ ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಪಂಪ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ನಾನು ಮನೆಯಲ್ಲಿ ಕೂತು ಕೌದಿ ಹೊಲಿದು ಮಾರುತ್ತಿದ್ದೆ.

ಅಣೆಕಟ್ಟು ಕಟ್ಟುವಾಗ ದೊಡ್ಡ ಸಾಹೇಬರ ಸಣ್ಣ ವಿಮಾನ ಇಳಿಯಲೆಂದು ಮೇಲಿನ ಬಯಲಿನಲ್ಲಿ ಒಂದು ಪಟ್ಟಿ ಮಾಡಿದ್ದರು. ಕಟ್ಟುವುದು ಮುಗಿದ ಮೇಲೆ ಅಲ್ಲಿ ಕುರಿ ಮೇಯುತ್ತಿದ್ದವು. ಹೈದರಾಬಾದಿನ ನಾಲ್ಕಾರು ಜನ ಸೇರಿ ಆ ಪಟ್ಟಿಯನ್ನು ಬಾಡಿಗೆಗೆ ಹಿಡಿದು, ಆಕಾಶದಿಂದ ಜಿಗಿಯುವ ಶಿಬಿರ ಶುರು ಮಾಡಿದರು. ಮಳೆಗಾಲ ಮುಗಿದ ಮೇಲೆ ಬಿಸಿಲು ಏರುವವರೆಗೆ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸಿದ್ರಾಮಪ್ಪ ಸುಬೇದಾರರು. ಶಹಾಪುರದವರು, ಫೌಜಿನಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ ಬಂದವರು.

ಅವರು ಮಡಚುವ ಕೈ ಹುಡುಕುತ್ತ ಕ್ವಾರ್ಟರ್ಸಿಗೆ ಬಂದಾಗ ನನ್ನ ಕೌದಿ ಹಗ್ಗದ ಮೇಲೆ ಇತ್ತು. ಅದನ್ನು ಹಿಡಿದು ಹಿಂದೆ ಮುಂದೆ ನೋಡಿದರು.

“ಇದನ್ನ ಯಾರು ಹೊಲದಾರ?”

“ನಾನ ರೀ.”

“ಹೊಲಿಗಿ ಎಲ್ಲೂ ಸೊಟ್ಟ ಹೋಗಿಲ್ಲಲ್ಲ.”

“ಸೊಟ್ಟ ಹೋದ್ರ ಬಿಚ್ಚಿ ಮತ್ತ ಹಾಕ್ತೀನ್ರಿ.”

“ಬಿಚ್ಚೋದು ಬ್ಯಾಸರ ಆಗಲ್ಲೇನು?”

“ಬ್ಯಾಸರ ಆಗ್ತದ. ಆದರೂ ಬಿಚ್ತೀನಿ.”

ಮರುದಿನದಿಂದ ಬಾ ಎಂದರು. ನನ್ನ ಜೊತೆ ಕೊಡೇಕಲ್ಲಿನ ನೀಲಮ್ಮನನ್ನೂ ತೆಗೆದುಕೊಂಡರು. ನೀಲಮ್ಮನ ಕೈ ನನ್ನದಕ್ಕಿಂತ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೆಲಸದ ಗೋದಾಮು ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಗೆ ಇತ್ತು. ತಂಪು ಜಾಗ, ಉದ್ದನೆಯ ಮೇಜು ಹಿಡಿಸುವಷ್ಟು ದೊಡ್ಡದು. ಬೆಳಿಗ್ಗೆ ಮಡಚಿದ ಚೀಲಗಳನ್ನೆಲ್ಲ ಜೀಪಿಗೆ ಹಾಕಿಕೊಂಡು ಮೇಲಿನ ಪಟ್ಟಿಗೆ ಹೋಗುವುದು, ಸಂಜೆಗೆ ಇಳಿದು ಬರುವುದು.

ಜಿಗಿಯುವವರ ಬೆನ್ನಿನ ಚೀಲದಲ್ಲಿ ಎರಡು ಛತ್ರಿ ಇರುತ್ತವೆ. ಮೊದಲನೆಯದನ್ನು ಅವರೇ ಮಡಚಿಕೊಂಡರೂ ನಡೆಯುತ್ತದೆ. ಅದು ಕೈಕೊಟ್ಟರೆ ಎರಡನೆಯದು. ಎರಡನೆಯದನ್ನು ನಾವೇ ಮಡಚಬೇಕು, ಮೂರನೆಯದು ಇಲ್ಲವಲ್ಲ. ಅದನ್ನು ಒಂದು ಗಟ್ಟಿ ಸ್ಪ್ರಿಂಗಿನ ಜೊತೆ ಒತ್ತಿ ಒಳಗೆ ಕೂರಿಸಿ, ಒಂದು ದಾರದ ಕುಣಿಕೆಯಿಂದ ಬಾಯಿ ಬಂದ್ ಮಾಡುತ್ತೇವೆ. ಚೀಲದ ಹಿಡಿಕೆ ಎಳೆದು ಕುಣಿಕೆ ಬಿಟ್ಟರೆ ಸ್ಪ್ರಿಂಗ್ ಹೊರಗೆ ಜಿಗಿಯುತ್ತದೆ, ಛತ್ರಿಯನ್ನು ಎಳೆದು ಗಾಳಿಗೆ ಕೊಡುತ್ತದೆ.

ಸುಬೇದಾರರು ಬೈಯುತ್ತಿರಲಿಲ್ಲ. ಮಡಚಿ ಮುಗಿಸಿದ್ದನ್ನು ಬಂದು ಎಳೆದು ನೆಲಕ್ಕೆ ಹಾಕುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು. ಒಂದು ದಿನ ನನ್ನದನ್ನು ಹಾಗೆ ಹಾಕಿದರು. ಏನು ತಪ್ಪಾಗಿದೆ ಎಂದು ಕೇಳಿದೆ.

“ಮಡಚುವಾಗ ನೀಲಮ್ಮನ ಜೋಡಿ ನಗಾಕತ್ತಿದ್ದಿ.”

“ನಕ್ಕರ ಬಟ್ಟಿ ಸುಕ್ಕು ಬೀಳ್ತದೇನ್ರಿ?”

“ನಗುವಾಗ ಕೈ ಏನು ಮಾಡ್ತು, ನೆನಪದ ಏನು?”

ನೆನಪಿರಲಿಲ್ಲ. ಮತ್ತೆ ಮಡಚಿದೆ.

ಸುರಪುರದ ಬಸ್ಸಿನ ಸಂಗತಿ ಹೇಳಿಬಿಡುತ್ತೇನೆ. ಕಾಲೇಜಿನ ಮಕ್ಕಳಿಗೆ ತೋರಿಸಲೆಂದು ಒಂದು ಚೀಲವನ್ನು ನಾನು, ನೀಲಮ್ಮ ಬಸ್ಸಿನಲ್ಲಿ ಒಯ್ದೆವು. ಸುರಪುರ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಂಡಕ್ಟರ್ ಉಪಕಾರ ಮಾಡಲು ಬಂದ. ಚೀಲದ ಮುಂದೆ ಹೊಳೆಯುವ ಉಕ್ಕಿನ ಹಿಡಿಕೆ ಕಂಡಿತು, ಹಿಡಿದು ಎತ್ತಿದ. ಚೀಲ ಅಲ್ಲೇ ಉಳಿಯಿತು, ಹಿಡಿಕೆ ಅವನ ಕೈಗೆ ಬಂತು, ಸ್ಪ್ರಿಂಗ್ ಹಾರಿ ಅವನ ಎದೆಗೆ ಬಡಿಯಿತು. ಛತ್ರಿ ಬಸ್ಸಿನ ತುಂಬ ಬಿದ್ದಿತು. ಒಬ್ಬ ಮುದುಕ ತಲೆಯ ಮೇಲಿಂದ ಬಿಳಿ ಬಟ್ಟೆ ತೆಗೆಯುತ್ತ, ತಾನು ಇನ್ನೂ ಬದುಕಿದ್ದೇನೆ, ಯಾರು ಹೊದಿಸಿದ್ದು ಎಂದು ಕೇಳಿದ.

“ಹಿಡಿಕಿ ಅಂದ್ರ ಹಿಡಿಯಾಕ ಇರೋದ ಅಲ್ಲೇನ್ರಿ?” ಎಂದ ಕಂಡಕ್ಟರ್.

“ಇದು ಸಾಯೋ ಹೊತ್ತಿಗೆ ಹಿಡಿಯೋದಪ್ಪ. ನಿನಗ ಇನ್ನಾ ಟೈಮ್ ಅದ,” ಎಂದಳು ನೀಲಮ್ಮ.

ನೀವೂ ಈ ಕೆಲಸ ಮಾಡುವಾಗ ಚೀಲವನ್ನು ಯಾರ ಕೈಗೂ ಎತ್ತಲು ಕೊಡಬೇಡಿ. ಉಪಕಾರ ಮಾಡುವವರ ಕೈಗೆ ಮೊದಲೇ ಬೇಡ.

ಇನ್ನೊಂದು ಸಲ ಹೈದರಾಬಾದಿನ ಒಬ್ಬ ದಪ್ಪ ಸಾಹೇಬ ಪಟ್ಟಿ ಬಿಟ್ಟು ಕಾಲುವೆಯಲ್ಲಿ ಇಳಿದ. ಪಟ್ಟಿಯಿಂದ ಹೊಳೆಯವರೆಗೆ ಇಳಿಜಾರು. ನಡುವೆ ಕಾಲುವೆ, ಕಾಲುವೆಯ ಕೆಳಗೆ ಭತ್ತದ ಗದ್ದೆ, ಅದರ ಕೆಳಗೆ ನಮ್ಮ ಗೋದಾಮು. ತುಂಬಿದ ಕಾಲುವೆ ಮನುಷ್ಯನನ್ನು ಬಿಡುವುದಿಲ್ಲ. ಛತ್ರಿ ನೀರು ಕುಡಿದು ಅವನನ್ನು ಎಳೆಯುತ್ತಿತ್ತು. ಗೇಟ್‌ಮನ್ ಮಲ್ಲಣ್ಣ ಓಡಿ ಹೋಗಿ ಗೇಟು ಇಳಿಸಿ, ಹಗ್ಗ ಒಗೆದು ಅವನನ್ನು ದಂಡೆಗೆ ತಂದ. ಸಾಹೇಬ ಬದುಕಿದ, ಛತ್ರಿ ಕೆಸರಾಗಿತ್ತು. ನೀಲಮ್ಮ ಅದನ್ನು ತೊಳೆದು, ಮೆಣಸಿನಕಾಯಿ ಹರವಿದ್ದ ಬಂಡೆಯ ಪಕ್ಕದಲ್ಲೇ ರಣ ಬಿಸಿಲಿಗೆ ಹರವಿದಳು. ಸುಬೇದಾರರು ದೂರದಿಂದಲೇ ಓಡಿ ಬಂದರು.

“ತಗೀರಿ, ತಗೀರಿ. ಬಿಸಿಲು ಇದಕ ವಿಷ. ನೂಲು ಸತ್ತು ಹೋಗ್ತದ.”

“ನಮ್ಮ ಸೀಮಿಯಾಗ ಬಿಸಿಲ ಬಿಟ್ರ ಮತ್ತೇನದ ರೀ? ಎಲ್ಲಾನೂ ಬಿಸಿಲಿಗೇ ಹಾಕ್ತೀವಿ. ಕೂಸಿನ್ನೂ ಹಾಕ್ತೀವಿ.”

“ಕೂಸು ಆಕಾಶದಿಂದ ಜಿಗಿಯಂಗಿಲ್ಲ.”

ಆಮೇಲೆ ಗೋದಾಮಿನ ತೊಲೆಗೆ ಗಡಗಡೆ ಕಟ್ಟಿ, ನೆರಳಿನಲ್ಲೇ ತೂಗುಹಾಕಿ ಒಣಗಿಸುವ ಪದ್ಧತಿ ಆಯಿತು. ಒಣಗಲು ಬಹಳ ಹೊತ್ತು ಬೇಕು. ಕಾಯಬೇಕು.

ಆ ಮಲ್ಲಣ್ಣನ ಮಗಳೇ ರೇಣುಕಾ. ಕ್ವಾರ್ಟರ್ಸಿನಲ್ಲಿ ಬೆಳೆದವಳು, ಓದಿ ಸುರಪುರದ ಹೆಣ್ಣುಮಕ್ಕಳ ಸಾಲಿಯಲ್ಲಿ ಆಟ ಕಲಿಸುವ ಟೀಚರ್ ಆಗಿದ್ದಳು. ರವಿವಾರ ಬಂದರೆ ಸೈಕಲ್ ಮೇಲೆ ಪಟ್ಟಿಗೆ ಬಂದು ನೋಡುತ್ತ ನಿಲ್ಲುತ್ತಿದ್ದಳು. ಎರಡು ವರ್ಷ ನೋಡಿದಳು, ಮೂರನೆಯ ವರ್ಷ ಸುಬೇದಾರರ ಹತ್ತಿರ ಹೋಗಿ ಕಲಿಸಿರಿ ಎಂದಳು. ಅವರು ಕಲಿಸಿದರು. ಛಲೋ ಕಲಿತಳು. ಮುಂದೆ ಶಿಬಿರದಲ್ಲೇ ಕಲಿಸುವವಳಾಗಬೇಕೆಂದು ಅವಳ ಮನಸ್ಸು.

ಮಲ್ಲಣ್ಣ ಒಂದು ಮಧ್ಯಾಹ್ನ ಗೋದಾಮಿಗೆ ಬಂದ. ಬಾಗಿಲಿನಲ್ಲೇ ನಿಂತ.

“ಭೀಮಬಾಯಿ, ಆಕಿ ನನ್ನ ಮಾತು ಕೇಳಂಗಿಲ್ಲ. ಆಕಿ ಎರಡನೇ ಛತ್ರಿ ನೀನ ಮಡಚಬೇಕು. ಬ್ಯಾರೆಯವರು ಮುಟ್ಟಬಾರದು.”

“ನೀಲಮ್ಮನೂ ಛಲೋ ಮಡಚ್ತಾಳ.”

“ನೀಲಮ್ಮ ಮಾತಾಡ್ತಾಳ. ನೀ ಸುಮ್ಮ ಇರ್ತಿ.”

“ನಾ ಇಲ್ಲೇ ಕುಂತೀನಿ ಮಾವ, ನನಗ ಕೇಳಸ್ತದ,” ಎಂದಳು ನೀಲಮ್ಮ.

“ಕೇಳಲಿ ಅಂತನ ಅಂದೆ.”

ಆಯಿತು ಎಂದೆ. ಅಂದಿನಿಂದ ರೇಣುಕಾಳ ಚೀಲ ನನ್ನದು.

ಈಗ ಪೆಟ್ಟಿಗೆಯ ವಿಷಯ. ಮನುಷ್ಯ ಬೀಳುವಾಗ ತಲೆಗೆ ಪೆಟ್ಟು ಬೀಳಬಹುದು, ಗಿರಗಿರ ತಿರುಗಿ ಎಚ್ಚರ ತಪ್ಪಬಹುದು, ಗಾಬರಿಯಲ್ಲಿ ನೆಲ ಎಷ್ಟು ದೂರ ಇದೆ ಎಂಬುದೇ ಮರೆಯಬಹುದು. ಆಗ ಅವನ ಬದಲು ಎರಡನೇ ಛತ್ರಿ ಬಿಚ್ಚಲು ಪೆಟ್ಟಿಗೆ. ನಾವು ಅದಕ್ಕೆ ವಾಚ್‌ಮನ್ ಎನ್ನುತ್ತಿದ್ದೆವು. ಎಲ್ಲರೂ ಮಲಗಿದಾಗ ಎದ್ದಿರಬೇಕಾದವನು.

ಮೊದಲಿಗೆ ಇದ್ದದ್ದು ಹಳೆಯ ಪೆಟ್ಟಿಗೆ, ಗಡಿಯಾರದ ಹಾಗೆ ಮುಳ್ಳು ಇದ್ದದ್ದು. ಅದನ್ನು ಸುಬೇದಾರರೇ ದಿನಾ ಬೆಳಿಗ್ಗೆ ಪಟ್ಟಿಯ ಮೇಲೆ ಕೂತು, ಕಣ್ಣು ಸಣ್ಣ ಮಾಡಿ ಹೊಂದಿಸುತ್ತಿದ್ದರು. ಬೇರೆಯವರಿಗೆ ಕೊಡುತ್ತಿರಲಿಲ್ಲ. ಆ ವಾಚ್‌ಮನ್‌ಗೆ ಸ್ವಲ್ಪ ತಲೆ ಸರಿ ಇರಲಿಲ್ಲ. ಛತ್ರಿ ತೆರೆದು ಆರಾಮಾಗಿ ಇಳಿಯುತ್ತಿದ್ದ ಒಬ್ಬನ ಎರಡನೆಯದನ್ನೂ ಬಿಚ್ಚಿಬಿಟ್ಟಿತು. ಅವನು ಎರಡು ಛತ್ರಿ ಹೊತ್ತು ತೊಗರಿ ಹೊಲದಲ್ಲಿ ಇಳಿದು, ಶಿಬಿರದವರಿಗಿಂತ ಮೊದಲು ಹೊಲದವನ ಬೈಗುಳ ತಿಂದ. ಅದಕ್ಕೇ ಹಳಬರು ಪೆಟ್ಟಿಗೆ ಬೇಡ ಎನ್ನುತ್ತಿದ್ದರು. ಸುಬೇದಾರರಿಗೂ ಒಳಗೊಳಗೆ ಅದೇ ಇತ್ತು.

ಆಮೇಲೆ ಹೊಸದು ಬಂತು. ಸೋಪಿನ ಬಿಲ್ಲೆಯಷ್ಟು. ಹೈದರಾಬಾದಿನಿಂದ ಒಬ್ಬ ಎಂಜಿನಿಯರ್ ಬಂದು ತೋರಿಸಿದ. ಕೆಳಗೆ ಗಾಳಿ ದಪ್ಪ, ಮೇಲೆ ಹೋದ ಹಾಗೆ ತೆಳು. ಪೆಟ್ಟಿಗೆ ಆ ಗಾಳಿಯನ್ನು ಮುಟ್ಟಿ ನೋಡಿ ಎಷ್ಟು ಎತ್ತರ ಇದ್ದೇನೆ, ಎಷ್ಟು ಜೋರು ಬೀಳುತ್ತಿದ್ದೇನೆ ಎಂದು ತಿಳಿಯುತ್ತದೆ. ನೆಲ ಹತ್ತಿರ ಬಂದರೂ ಬೀಳುವ ಜೋರು ಕಡಿಮೆಯಾಗಿಲ್ಲ ಅಂದರೆ ಛತ್ರಿ ಬಿಚ್ಚಿಲ್ಲ ಎಂದು ಅದರ ಲೆಕ್ಕ. ಆಗ ಒಂದು ಸಣ್ಣ ಅಲಗು ಹಾರಿಸಿ ಕುಣಿಕೆಯ ದಾರ ಕತ್ತರಿಸುತ್ತದೆ. ಎಂಜಿನಿಯರ್ ಒಂದು ದಾರ ಹಾಕಿ ಹಾರಿಸಿ ತೋರಿಸಿದ. ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದಷ್ಟು ಸಪ್ಪಳ.

“ಇಷ್ಟ ಏನು?” ಎಂದಳು ನೀಲಮ್ಮ.

“ಇಷ್ಟ.”

“ಮತ್ತ ಛತ್ರಿ ಯಾರು ಬಿಚ್ತಾರ?”

“ಸ್ಪ್ರಿಂಗ್ ಬಿಚ್ತದ, ಗಾಳಿ ಬಿಚ್ತದ. ನೀವು ಮಡಚಿದ್ದು ಸರಿ ಇದ್ರ.”

ಈ ಮಾತನ್ನು ನೀವು ಗಟ್ಟಿಯಾಗಿ ಹಿಡಿಯಿರಿ. ಪೆಟ್ಟಿಗೆ ದಾರ ಕತ್ತರಿಸುತ್ತದೆ, ಅಷ್ಟೇ. ಪೆಟ್ಟಿಗೆ ಇದೆ ಎಂದು ಮಡಚುವುದನ್ನು ಸಡಿಲ ಬಿಟ್ಟವರನ್ನು ನಾನು ನೋಡಿದ್ದೇನೆ. ನನ್ನ ಕೈಕೆಳಗೆ ಇದ್ದಿದ್ದರೆ ಅವರನ್ನು ರೊಟ್ಟಿ ಬಡಿಯಲು ಕಳಿಸುತ್ತಿದ್ದೆ.

ಹೊಸ ಪೆಟ್ಟಿಗೆಗೆ ಮುಳ್ಳು ಇಲ್ಲ, ಹೊಂದಿಸುವುದಿಲ್ಲ. ಒಂದು ಗುಂಡಿ. ದಿನಾ ಬೆಳಿಗ್ಗೆ ಅದನ್ನು ಒತ್ತಬೇಕು, ಕೆಂಪು ದೀಪ ಮಿಣುಕುತ್ತದೆ, ಸ್ವಲ್ಪ ಹೊತ್ತು ತನ್ನೊಳಗೆ ಏನೋ ನೋಡಿಕೊಂಡು ಸೊನ್ನೆ ತೋರಿಸುತ್ತದೆ. ಸೊನ್ನೆ ಬಂದರೆ ಸಿದ್ಧ. ಇಷ್ಟು ಸುಲಭವಾದ ಮೇಲೆ ಸುಬೇದಾರರು ಪಟ್ಟಿಯ ಮೇಲೆ ಕೂರುವುದನ್ನು ಬಿಟ್ಟು ಗುಂಡಿಯ ಕೆಲಸ ನಮಗೆ ಕೊಟ್ಟರು.

ಗೋದಾಮಿನಲ್ಲಿ ಹನುಮಪ್ಪನ ಫೋಟೋ ಇತ್ತು. ದೀಪ ಹಚ್ಚದೆ ಚೀಲ ಹೊರಗೆ ಹೋಗುತ್ತಿರಲಿಲ್ಲ, ಇದು ಸುಬೇದಾರರು ಫೌಜಿನಿಂದ ತಂದ ಪದ್ಧತಿ. ದೀಪ ಹಚ್ಚುವವಳು ನೀಲಮ್ಮ. ಹೊಸ ಪೆಟ್ಟಿಗೆ ಬಂದ ಮೇಲೆ ಅವಳು, ಹೇಗೂ ದೇವರ ದೀಪ ಹಚ್ಚುತ್ತೇವೆ, ಇವುಗಳ ದೀಪವನ್ನೂ ಇಲ್ಲೇ ಹಚ್ಚೋಣ ಎಂದಳು. ಚೀಲಗಳನ್ನು ಫೋಟೋದ ಮುಂದೆ ಸಾಲಾಗಿ ಇಟ್ಟು, ಊದಿನಕಡ್ಡಿ ಬೆಳಗಿ, ಒಂದೊಂದೇ ಗುಂಡಿ ಒತ್ತುವುದು. ಒಂದಾದ ಮೇಲೆ ಒಂದು ಕೆಂಪು ದೀಪ ಮಿಣುಕುವುದನ್ನು ನೋಡಲು ಚೆಂದ ಇತ್ತು. ಸುಬೇದಾರರು ಟೊಪ್ಪಿಗೆ ತೆಗೆದು ನಿಲ್ಲುತ್ತಿದ್ದರು. ಜಿಗಿಯುವವರೂ ಬಂದು ಕೈ ಮುಗಿಯುತ್ತಿದ್ದರು, ರೇಣುಕಾ ಕೂಡ. ಆಮೇಲೆ ಎಲ್ಲವನ್ನೂ ಜೀಪಿಗೆ ಹಾಕಿ ಮೇಲೆ ಹೋಗುತ್ತಿದ್ದೆವು. ಹೀಗೆ ಎರಡು ಹಂಗಾಮು ನಡೆಯಿತು. ಎಲ್ಲರೂ ತಮ್ಮ ಛತ್ರಿ ತಾವೇ ಬಿಚ್ಚಿಕೊಂಡು ಇಳಿದರು. ವಾಚ್‌ಮನ್‌ಗೆ ಒಮ್ಮೆಯೂ ಕೆಲಸ ಬೀಳಲಿಲ್ಲ.

ಆ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ರೇಣುಕಾ ಮತ್ತು ಹೈದರಾಬಾದಿನ ಒಬ್ಬ ಹುಡುಗ ಗಾಳಿಯಲ್ಲಿ ಕೈ ಹಿಡಿದು ಬಿಡುವುದನ್ನು ಕಲಿಯುತ್ತಿದ್ದರು. ಇಬ್ಬರೂ ಜಿಗಿದರು. ನಾನು ಪಟ್ಟಿಯ ಶೆಡ್ಡಿನ ಮುಂದೆ ಕುತ್ತಿಗೆ ಎತ್ತಿ ನಿಂತಿದ್ದೆ. ಎರಡು ಚುಕ್ಕೆ ಹತ್ತಿರ ಬಂದವು, ಒಂದಾದವು, ಕೂಡಲೇ ಸಿಡಿದು ದೂರ ಆದವು. ಹುಡುಗ ಜೋರಾಗಿ ಬಂದು ಮೊಣಕಾಲಿನಿಂದ ಅವಳ ಹೆಗಲಿಗೆ, ತಲೆಗೆ ಹೊಡೆದಿದ್ದ. ಅದು ನಮಗೆ ಆಮೇಲೆ ತಿಳಿದದ್ದು.

ಒಂದು ಛತ್ರಿ ಬಿಚ್ಚಿತು. ಇನ್ನೊಂದು ಚುಕ್ಕೆ ಬೀಳುತ್ತಲೇ ಇತ್ತು.

“ಯಾರದು ಬಿಚ್ಚಿದ್ದು?” ಎಂದು ಕೇಳಿದೆ.

ಸುಬೇದಾರರು ದುರ್ಬೀನು ಹಿಡಿದಿದ್ದರು. “ಹುಡುಗನದು.”

ನೀಲಮ್ಮ ನನ್ನ ಸೆರಗು ಹಿಡಿದಳು. ನಾನು ಮಡಚಿದ್ದನ್ನೇ ನೆನೆಯುತ್ತಿದ್ದೆ. ಎಡ ಮಡಿಕೆ, ಬಲ ಮಡಿಕೆ, ಹಗ್ಗ, ಸ್ಪ್ರಿಂಗ್, ಕುಣಿಕೆ. ಎಲ್ಲ ಕಣ್ಣ ಮುಂದೆ ಇತ್ತು. ಬೀಳುತ್ತಿದ್ದವಳು ಕೈಕಾಲು ಕಾಣುವಷ್ಟು ಕೆಳಗೆ ಬಂದಳು. ಕೈ ಬಟ್ಟೆಯ ಗೊಂಬೆಯ ಹಾಗೆ ಆಡುತ್ತಿತ್ತು. ಸುಬೇದಾರರು, “ಈಗ. ಈಗ ಹಾರಬೇಕು,” ಎಂದರು. ಹಾರಲಿಲ್ಲ. ಅವರು ಮತ್ತೆ, “ಈಗ,” ಎಂದರು. ಹಾರಲಿಲ್ಲ. ಪಟ್ಟಿಯ ಅಂಚಿನ ಆಚೆ, ಇಳಿಜಾರಿನ ಮೇಲೆ, ಅವಳು ಇನ್ನೇನು ಮರೆಯಾಗಬೇಕು ಅನ್ನುವಾಗ ಬೆನ್ನಿನಿಂದ ಬಿಳಿ ಬಟ್ಟೆ ಎದ್ದಿತು. ತುಂಬಿಕೊಂಡಿತು. ತುಂಬಿದ್ದನ್ನು ನೋಡಿದೆವೋ ಇಲ್ಲವೋ, ಅಂಚಿನ ಕೆಳಗೆ ಇಳಿದು ಕಾಣದಾಯಿತು.

ಓಡಿದೆವು. ಕಾಲುವೆಯ ಆಚೆ ಭತ್ತದ ಗದ್ದೆಯ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಛತ್ರಿ ಪಕ್ಕದ ಮಡಿಯ ಮೇಲೆ ಬಿದ್ದಿತ್ತು. ಮಲ್ಲಣ್ಣ ಗೇಟಿನಿಂದ ನಮಗಿಂತ ಮೊದಲು ಬಂದು ಅವಳ ಬಾಯಿಯ ಕೆಸರು ತೆಗೆಯುತ್ತಿದ್ದ. ಅವಳು ಕಣ್ಣು ತೆರೆದು ನಮ್ಮನ್ನು ನೋಡಿ, “ಸಾಲಿ ಗಂಟಿ ಹೊಡೀತೇನು?” ಎಂದಳು. ತಲೆ ತಿರುಗಿತ್ತು, ಹೆಗಲಿನ ಎಲುಬು ಮುರಿದಿತ್ತು, ಜೀವ ಇತ್ತು. ಜೀಪಿನಲ್ಲಿ ಹಾಕಿ ಸುರಪುರದ ದವಾಖಾನೆಗೆ ಕಳಿಸಿದೆವು.

ಶಿಬಿರದಲ್ಲಿ ಎಲ್ಲರಿಗೂ ಸಂತೋಷ. ಪೆಟ್ಟಿಗೆ ಉಳಿಸಿತು ಎಂದು ಒಬ್ಬ, ದೇವರು ಉಳಿಸಿದ ಎಂದು ಒಬ್ಬ. ನೀಲಮ್ಮ ಫೋಟೋಕ್ಕೆ ಕಾಯಿ ಒಡೆಯಲು ಹೊರಟಳು. ಸುಬೇದಾರರು ಮಾತ್ರ ಕುರ್ಚಿಯಿಂದ ಏಳಲಿಲ್ಲ.

“ಭೀಮಬಾಯಿ, ಅದು ಲೇಟ್ ಹಾರೇದ,” ಎಂದರು. “ಭಾಳ ಕೆಳಗ ಹಾರೇದ.”

“ಹಾರೇದಲ್ಲ ರೀ.”

“ಪೆಟಗಿ ಸುಳ್ಳ ಹೇಳಂಗಿಲ್ಲ. ನಾವು ಅದಕ ಏನೋ ಸುಳ್ಳ ಹೇಳೀವಿ.”

ಜಿಗಿಯುವವರು ಮಣಿಕಟ್ಟಿಗೆ ಕಟ್ಟುವ ಎತ್ತರದ ಗಡಿಯಾರ ಒಂದು ಇರುತ್ತದೆ. ಎಷ್ಟು ಮೇಲೆ ಇದ್ದೇವೆ ಎಂದು ಅದರ ಮುಳ್ಳು ತೋರಿಸುತ್ತದೆ. ಅದನ್ನು ಮಾತ್ರ ಎಲ್ಲರೂ ಪಟ್ಟಿಯ ಮೇಲೆಯೇ ಸೊನ್ನೆಗೆ ತಿರುಗಿಸಿಕೊಳ್ಳುತ್ತಿದ್ದರು, ಮೊದಲಿನಿಂದಲೂ ಹಾಗೆಯೇ. ಮಧ್ಯಾಹ್ನ ಸುಬೇದಾರರು ಅಂಥದ್ದೊಂದನ್ನು ಕೈಗೆ ಕಟ್ಟಿಕೊಂಡು, ನನ್ನನ್ನೂ ನೀಲಮ್ಮನನ್ನೂ ಕರೆದುಕೊಂಡು ಗೋದಾಮಿಗೆ ಇಳಿದರು. ಹನುಮಪ್ಪನ ಮುಂದೆ, ನಾವು ಚೀಲ ಇಡುವ ಜಾಗದಲ್ಲಿ ಕೂತು, ಮುಳ್ಳನ್ನು ಸೊನ್ನೆಗೆ ತಂದರು. ನಮಗೆ ತೋರಿಸಿದರು. ಮತ್ತೆ ಜೀಪು ಹತ್ತಿ ಮೇಲಿನ ಪಟ್ಟಿಗೆ ಬಂದೆವು. ಮೇಲೆ ಬಂದು ಕೈ ಮುಂದೆ ಚಾಚಿದರು. ಮುಳ್ಳು ಸೊನ್ನೆಯಲ್ಲಿ ಇರಲಿಲ್ಲ. ಸರಿದು ನಿಂತಿತ್ತು.

“ಇಷ್ಟಂದ್ರ ಎಷ್ಟ ರೀ?” ಎಂದೆ.

“ಒಂದು ಬೇವಿನ ಗಿಡದ ಮ್ಯಾಲ ಇನ್ನೊಂದು, ಅದರ ಮ್ಯಾಲ ಮತ್ತೊಂದು ನಿಲ್ಲಸು. ಅಷ್ಟ.”

ಆಗ ನನಗೂ ತಿಳಿಯಿತು. ಪೆಟ್ಟಿಗೆ ಎಲ್ಲಿ ಗುಂಡಿ ಒತ್ತುತ್ತೇವೋ ಅದನ್ನೇ ನೆಲ ಎಂದು ನಂಬುತ್ತದೆ. ನಾವು ಹೊಳೆಯ ದಂಡೆಯಲ್ಲಿ ಒತ್ತಿ, ಮೂರು ಬೇವಿನ ಗಿಡಗಳಷ್ಟು ಮೇಲಿನ ಪಟ್ಟಿಯಲ್ಲಿ ಇಳಿಯುತ್ತಿದ್ದೆವು. ನೆಲ ಇನ್ನೂ ಅಷ್ಟು ಕೆಳಗಿದೆ ಎಂದು ಪೆಟ್ಟಿಗೆ ಕಾಯುತ್ತಿತ್ತು. ಬೇರೆ ಊರಿಗೆ ಶಿಬಿರ ಹೋದರೆ ಅಲ್ಲಿ ಹೊಸದಾಗಿ ಒತ್ತಬೇಕೆಂದು ಸುಬೇದಾರರಿಗೆ ಗೊತ್ತಿತ್ತು. ಗೋದಾಮು, ಪಟ್ಟಿ ಎರಡೂ ಅವರಿಗೆ ಒಂದೇ ಊರು. ನಮಗೂ ಒಂದೇ ಊರು.

“ರೇಣುಕಾ ತಗ್ಗಿನ ಗದ್ದಿಯಾಗ ಬಿದ್ದಳು. ಅದಕ ಉಳದಾಳ,” ಎಂದರು ಸುಬೇದಾರರು. “ಈ ಪಟ್ಟಿ ಮ್ಯಾಲ ಬಿದ್ದಿದ್ರ ಛತ್ರಿ ತುಂಬಾಕ ಪುರಸೊತ್ತು ಸಿಗ್ತಿದ್ದಿಲ್ಲ.”

ನೀಲಮ್ಮ ನೆಲದ ಮೇಲೆ ಕೂತುಬಿಟ್ಟಳು. “ದೇವರ ಮುಂದ ಒತ್ತಿದ್ದು ತಪ್ಪಾತೇನ್ರಿ?”

“ದೇವರ ಮುಂದ ಒತ್ತಿದ್ದು ತಪ್ಪಲ್ಲವ್ವ. ದೇವರು ಕೆಳಗ ಕುಂತಾನ, ನಾವು ಮ್ಯಾಲ ಇಳೀತೀವಿ.” ಅವರೂ ಅವಳ ಪಕ್ಕ ನೆಲದ ಮೇಲೆ ಕೂತು, “ಶಿಬಿರ ಬಂದ್ ಮಾಡ್ತೀನಿ. ನನ್ನ ಕಡಿಂದ ಆಗಂಗಿಲ್ಲ,” ಎಂದರು.

ಅವರು ಹಾಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ಸಮಾಧಾನದ ಮಾತು ಬರುವುದಿಲ್ಲ.

“ಮಡಚಿದ್ದು ತಪ್ಪಿದ್ರ ಎಳದು ಹಾಕಿ ಮತ್ತ ಮಡಚು ಅಂತೀರಿ,” ಎಂದೆ. “ಬಂದ್ ಮಾಡು ಅಂತ ಎಂದೂ ಅಂದಿಲ್ಲ.”

ಅವರು ಕೈಯಿಂದ ಆ ಗಡಿಯಾರ ಬಿಚ್ಚಿ ಎದ್ದರು. ಆಮೇಲೆ ಮಲ್ಲಣ್ಣನಿಗೆ ಹೇಳಬೇಕು ಎಂದರು. ನಾನೇ ಹೇಳುತ್ತೇನೆ ಎಂದೆ. ಮಾತು ಕೊಟ್ಟವಳು ನಾನು.

ಸಂಜೆ ಸುರಪುರದ ದವಾಖಾನೆಯಲ್ಲಿ ರೇಣುಕಾ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಒರಗಿ ಕೂತಿದ್ದಳು. ಮಲ್ಲಣ್ಣ ಪಕ್ಕದ ಸ್ಟೂಲಿನ ಮೇಲಿದ್ದ. ನಾನು ಸುತ್ತಿ ಬಳಸಿ ಹೇಳಲಿಲ್ಲ.

“ನೀ ಮಡಚಿದ್ದು?” ಎಂದ.

“ನಾ ಮಡಚಿದ್ದು ಬಿಚ್ಚೇದ.”

“ಗುಂಡಿ?”

“ಗುಂಡಿ ತಪ್ಪು ಜಾಗದಾಗ ಒತ್ತೀವಿ. ಸುಬೇದಾರರು, ನಾನು, ನೀಲಮ್ಮ, ಎಲ್ಲಾರೂ. ಎರಡು ಹಂಗಾಮು.”

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ.

“ಕಾಲುವಿ ನೀರು ಅಳೆಯೋ ಪಟ್ಟಿ ಇರ್ತದಲ್ಲ, ಅದು ಒಂದ ಸಲ ಕುಸದು ಕುಂತಿತ್ತು,” ಎಂದ. “ಸೊನ್ನಿ ಸರದಿತ್ತು, ನಾ ನೋಡಿದ್ದಿಲ್ಲ. ಪಟ್ಟಿ ಒಂದು ಹೇಳ್ತು, ನೀರು ಒಂದು ಇತ್ತು. ಒಡ್ಡು ಒಡದು ನಾಕು ಮಂದಿ ಹೊಲ ಹೋದವು. ಅಂದಿನಿಂದ ದಿನಾ ಮೆಟ್ಟಲ ಇಳದು ಹೋಗಿ ಸೊನ್ನಿ ಮುಟ್ಟಿ ನೋಡ್ತೀನಿ. ನೀವೂ ಮುಟ್ಟಿ ನೋಡ್ರಿ.”

“ಅಪ್ಪಾ,” ಎಂದಳು ರೇಣುಕಾ, “ನೀವಿಬ್ಬರೂ ನನ್ನ ಮುಂದನ ಕುಂತು ನನ್ನ ಸಾವಿನ ಲೆಕ್ಕ ಮಾಡಾಕತ್ತೀರಿ. ಒಂದು ಕಪ್ಪು ಚಾ ಆದರೂ ಕೊಡಸ್ರಿ.”

ಮಲ್ಲಣ್ಣ ಚಾ ತರಲು ಹೋದ. ಅವನು ಬಾಗಿಲು ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ಅತ್ತಿ, ನಾ ಮತ್ತ ಜಿಗೀಬಹುದೇನು?”

“ಮೊದಲ ಕೈ ಎತ್ತು.”

“ಕೈ ಬಂದ ಮ್ಯಾಲ?”

“ಕೈ ಬಂದ ಮ್ಯಾಲ ನಿಮ್ಮಪ್ಪನ್ನ ಕೇಳು. ಆಮ್ಯಾಲ ನನ್ನ ಕಡೆ ಬಾ, ಮಡಚಿ ಕೊಡ್ತೀನಿ.”

ಅವಳ ಕೈ ಬಂತು, ಬಿಸಿಲುಗಾಲ ಕಳೆಯಿತು, ಮುಂದಿನ ಹಂಗಾಮಿನಲ್ಲಿ ಅವಳು ಜಿಗಿದಳು. ಆಮೇಲೆ ಬಹಳ ಜನರಿಗೆ ಕಲಿಸಿದಳು ಕೂಡ. ಹನುಮಪ್ಪನ ಫೋಟೋ ಮೇಲಿನ ಶೆಡ್ಡಿಗೆ ಹೋಯಿತು, ನೀಲಮ್ಮ ಅಲ್ಲೇ ದೀಪ ಹಚ್ಚಿದಳು. ಸುಬೇದಾರರು ಶಿಬಿರ ಬಂದ್ ಮಾಡಲಿಲ್ಲ. ನಾನು ಸೂಜಿಯ ಕಣ್ಣು ಕಾಣದಾಗುವವರೆಗೆ ಮಡಚಿದೆ, ಆಮೇಲೆ ನಾನೇ ಬಿಟ್ಟೆ. ಒಳ್ಳೆಯ ಕೆಲಸ ಇತ್ತು. ಮತ್ತೆ ಹುಟ್ಟಿದರೆ ಕಲ್ಲು ಹೊರುವುದಿಲ್ಲ, ಇದನ್ನೇ ಮಾಡುತ್ತೇನೆ.

ಆದರೆ ನಾನು ನಿಮಗೆ ಹೇಳಬೇಕಾದದ್ದು ರೇಣುಕಾ ಬಿದ್ದ ಮರುದಿನ ಬೆಳಿಗ್ಗೆಯದು. ಜೀಪು ಗೋದಾಮಿನ ಮುಂದೆ ನಿಂತಿತ್ತು. ಚೀಲಗಳನ್ನು ಗುಂಡಿ ಒತ್ತದೆ ಹಾಗೇ ಹೇರಿದರು. ನಾನು ಹತ್ತಲಿಲ್ಲ. ನೀವು ಮುಂದೆ ಹೋಗಿರಿ, ನಾನು ನಡೆದು ಬರುತ್ತೇನೆ ಎಂದೆ. ಒಂದು ಚೀಲ ನನ್ನ ಬೆನ್ನಿಗೇ ಹಾಕಿಕೊಂಡೆ. ಇಷ್ಟು ವರ್ಷ ಆ ದಾರಿಯಲ್ಲಿ ನಾನು ಜೀಪಿನಲ್ಲಿ ಕೂತೇ ಹೋದವಳು, ಅದು ಏರು ಎಂದು ನನ್ನ ಕಾಲಿಗೆ ಗೊತ್ತಿರಲಿಲ್ಲ. ಗದ್ದೆಯವರೆಗೆ ಬಂದಾಗಲೇ ಬೆವರು ಬಂತು. ಅವಳು ಬಿದ್ದ ಜಾಗದಲ್ಲಿ ಕೆಸರು ಅರ್ಧ ಕೂಡಿಕೊಂಡಿತ್ತು, ನೀರು ನಿಂತಿತ್ತು. ಅಲ್ಲಿಂದ ತಲೆ ಎತ್ತಿ ನೋಡಿದೆ. ಪಟ್ಟಿ ಕಾಣಲಿಲ್ಲ, ಗಾಳಿಯ ದಿಕ್ಕು ನೋಡಲು ಅಲ್ಲಿ ಕಂಬಕ್ಕೆ ಕಟ್ಟಿದ್ದ ಬಟ್ಟೆಯ ತುದಿ ಮಾತ್ರ ಕಾಣುತ್ತಿತ್ತು. ಕಾಲುವೆಯ ಸೇತುವೆ ದಾಟಿ ಹತ್ತಿದೆ. ಮೊಣಕಾಲು ಹಿಡಿದವು, ನಿಂತೆ, ಮತ್ತೆ ಹತ್ತಿದೆ, ಮತ್ತೆ ನಿಂತೆ. ಗದ್ದೆಯಿಂದ ಮೇಲಿನ ಅಷ್ಟೂ ಏರು ಅವಳಿಗೆ ಸಿಗದೆ ಹೋಗಬಹುದಾಗಿದ್ದ ಎತ್ತರ. ಅದನ್ನು ಕಾಲಿಗೆ ತಿಳಿಸಿಕೊಂಡು ಪಟ್ಟಿಗೆ ಬಂದೆ. ಸುಬೇದಾರರು, ನೀಲಮ್ಮ ಉಳಿದ ಚೀಲಗಳ ಮುಂದೆ ನನಗಾಗಿ ಕಾಯುತ್ತಿದ್ದರು. ನನ್ನ ಚೀಲವನ್ನು ಮಣ್ಣಿನ ಮೇಲೆ ಇಟ್ಟು, ಪಕ್ಕದಲ್ಲಿ ಕೂತು, ಉಸಿರು ಹತೋಟಿಗೆ ಬಂದ ಮೇಲೆ ಗುಂಡಿ ಒತ್ತಿದೆ. ಕೆಂಪು ದೀಪ ಮಿಣುಕಿತು. ಸೊನ್ನೆ ಬರುವವರೆಗೆ ಬೆರಳು ತೆಗೆಯದೆ ನೋಡುತ್ತ ಕೂತೆ.